ವಿದೇಶಕ್ಕೆ ಬಂದ ಹೆತ್ತವರು, ಸಾಹಸದ ಪ್ರವಾಸ ಮತ್ತು ನಾವು ಕೇಳದ ಪ್ರಶ್ನೆ

ಶಾಲೆಗಳಿಗೆ ರಜೆ ಹತ್ತಿರವಾದಂತೆ ನನ್ನ ದವಾಖಾನೆಗೆ ಒಂದು ಬಗೆಯ ಹಿರಿಯರು ಬರತೊಡಗುತ್ತಾರೆ. ಅವರಿಗೆ ಹೊಸ ಕಾಯಿಲೆಯೇನೂ ಇರುವುದಿಲ್ಲ. "ಹಕೀಮ್ ಸಾಬ್, ಮಗ ದುಬೈಗೆ ಕರೆಸಿಕೊಳ್ಳುತ್ತಿದ್ದಾನೆ. ಎರಡು ತಿಂಗಳಿಗೆ ಆಗುವಷ್ಟು ಮಾಜೂನ್ ಕಟ್ಟಿಕೊಡಿ" ಎನ್ನುತ್ತಾರೆ. ಅಲ್ಲಿ ಏನೇನು ನೋಡುತ್ತೀರಿ ಎಂದು ಕೇಳಿದರೆ ಮೊಬೈಲ್ ತೆಗೆದು ಮಗ ಕಳಿಸಿದ ಫೋಟೋಗಳನ್ನು ತೋರಿಸುತ್ತಾರೆ. ಹತ್ತು ಹದಿನೈದು ವರ್ಷಗಳ ಹಿಂದೆ ಆ ಫೋಟೋಗಳಲ್ಲಿ ಮಾಲ್ ಇರುತ್ತಿತ್ತು, ಸಮುದ್ರದಂಡೆ ಇರುತ್ತಿತ್ತು. ಈಗ ಮರಳಿನ ದಿಬ್ಬದ ಮೇಲೆ ಹಾರುವ ಜೀಪು, ಕಣಿವೆಯೊಳಗಿನ ಹಸಿರು ನೀರು, ಬೆಟ್ಟದ ತುದಿಯ ಹೋಟೆಲು. ಮಕ್ಕಳು ತಾವು ಕಂಡು ಸಂತೋಷಪಟ್ಟದ್ದನ್ನೆಲ್ಲ ಹೆತ್ತವರಿಗೂ ತೋರಿಸಬೇಕೆಂದು ಬಯಸುತ್ತಾರೆ. ಅದು ಒಳ್ಳೆಯ ಆಸೆ. ಹಿರಿಯರನ್ನು ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಟಿವಿ ಮುಂದೆ ಕೂರಿಸುವುದಕ್ಕಿಂತ ಸಾವಿರ ಪಾಲು ಮೇಲು.

ಆದರೆ ಈ ಪ್ರವಾಸಗಳ ಬಗ್ಗೆ ನಾನು ಬರೆಯುತ್ತಿರುವುದು ವೈದ್ಯನಾಗಿ ಅಲ್ಲ, ತಪ್ಪು ಮಾಡಿದ ಮಗನಾಗಿ.

ಮೂರು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ನನ್ನ ತಮ್ಮ ಮಸ್ಕತ್‌ನಲ್ಲಿ ಅಕೌಂಟೆಂಟ್. ಅಬ್ಬಾ, ಅಮ್ಮಿ ಇಬ್ಬರಿಗೂ ಟಿಕೆಟ್ ಕಳಿಸಿದ. ಅವರನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ಎರಡು ವಾರ ದವಾಖಾನೆ ಮುಚ್ಚಿ ನಾನೂ ಹೊರಟೆ. ಅಬ್ಬಾರಿಗೆ ಆಗ 71 ವರ್ಷ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದು ಬದುಕು ಕಳೆದವರು. ಸಕ್ಕರೆ ಕಾಯಿಲೆ ಇದೆ, ಮಾತ್ರೆಯಲ್ಲೇ ಹತೋಟಿಯಲ್ಲಿದೆ. ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪವಾಗಿದೆ, ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಈ ಕೊನೆಯದು ನನಗೆ ಮಾತ್ರ ಗೊತ್ತಿತ್ತು, ತಮ್ಮನಿಗೆ ಗೊತ್ತಿರಲಿಲ್ಲ. ಅಮ್ಮಿಗೆ 66. ಮಂಡಿ ನೋವು, ಬಿ.ಪಿ. ಅವರ ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದೆ.

ಜಬಲ್ ಅಖ್ದರ್ ಎಂದರೆ ಹಸಿರು ಬೆಟ್ಟ. ಒಮಾನಿನ ಹಜರ್ ಪರ್ವತ ಸಾಲಿನಲ್ಲಿದೆ. ಮೇಲೆ ಸೈಕ್ ಎಂಬ ಪ್ರಸ್ಥಭೂಮಿ, ಸಮುದ್ರ ಮಟ್ಟದಿಂದ ಸುಮಾರು 2,000 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಎತ್ತರ ಎಂದುಕೊಳ್ಳಿ. ಮಾರ್ಚ್ ಕೊನೆಯಿಂದ ಮೇ ಆರಂಭದವರೆಗೆ ಅಲ್ಲಿ ಗುಲಾಬಿ ಬಿಡುತ್ತದೆ, ಹಳ್ಳಿಗಳಲ್ಲಿ ಗುಲಾಬಿ ನೀರು ಇಳಿಸುತ್ತಾರೆ. ಯುನಾನಿಯಲ್ಲಿ ಅರ್ಕೆ ಗುಲಾಬ್ ಇಲ್ಲದೆ ನಮಗೆ ದಿನ ಹೋಗದು. ಆದ್ದರಿಂದ ಆ ಬೆಟ್ಟಕ್ಕೆ ಹೋಗೋಣ ಎಂದು ಹಟ ಹಿಡಿದವನು ನಾನೇ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ಮಸ್ಕತ್‌ನಿಂದ ನಿಝ್ವಾವರೆಗೆ ರಸ್ತೆ ಎಷ್ಟು ಚೆನ್ನಾಗಿದೆಯೆಂದರೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ನಡುವೆ ಒಂದು ಪೆಟ್ರೋಲ್ ಬಂಕ್‌ನಲ್ಲಿ ತಮ್ಮ ಗಾಡಿ ನಿಲ್ಲಿಸಿ, "ಅಬ್ಬಾ, ಟಾಯ್ಲೆಟ್‌ಗೆ ಹೋಗಬೇಕಾ?" ಎಂದ. ಹಿಂದಿನ ಸೀಟಿನಲ್ಲಿ ಸೊಸೆ ಇದ್ದಳು, ಮೊಮ್ಮಕ್ಕಳಿದ್ದರು. "ಏನೂ ಬೇಡ ಬೇಟಾ, ನಡಿ" ಎಂದರು. ನಿಝ್ವಾ ಕೋಟೆ ನೋಡಿದೆವು. ಬಿಸಿಲು ಜೋರಿತ್ತು. ಅಬ್ಬಾ ಎರಡು ಬಾಟಲಿ ಲಬನ್ ಮಜ್ಜಿಗೆ ಕುಡಿದರು, ನೀರು ಕುಡಿದರು. ಅಮ್ಮಿ ಗಂಟಲು ಒದ್ದೆ ಮಾಡಿಕೊಂಡರಷ್ಟೆ.

ಬಿರ್ಕತ್ ಅಲ್ ಮೌಝ್ ದಾಟಿದ ಮೇಲೆ ಪೊಲೀಸ್ ತಪಾಸಣೆ ಇದೆ. ಫೋರ್ ವೀಲ್ ಗಾಡಿಗಳನ್ನು ಮಾತ್ರ ಮೇಲೆ ಬಿಡುತ್ತಾರೆ, ದಾರಿ ಅಷ್ಟು ಕಡಿದು. ಅಲ್ಲಿ ಗಾಡಿ ನಿಂತಿದ್ದಾಗ ತಮ್ಮ ಒಂದು ಮಾತ್ರೆಯ ಹಾಳೆ ತೆಗೆದು ಎಲ್ಲರಿಗೂ ಒಂದೊಂದು ಕೊಟ್ಟ. ತಿರುವುಗಳಲ್ಲಿ ವಾಂತಿಯಾಗಬಾರದೆಂದು. ಮಕ್ಕಳಿಗೆ, ಅಬ್ಬಾರಿಗೆ, ಅಮ್ಮಿಗೆ, ನನಗೂ. ನಾನು ನುಂಗಿದೆ. ಅಬ್ಬಾ ನುಂಗಿದ್ದನ್ನೂ ನೋಡಿದೆ. ನನ್ನ ತಲೆಯಲ್ಲಿ ಆಗ ಗುಲಾಬಿ ಇತ್ತು.

ಮೇಲೆ ಹಳ್ಳಿಯೊಂದರಲ್ಲಿ ಮುದುಕರೊಬ್ಬರು ಮಣ್ಣಿನ ಒಲೆಯ ಮುಂದೆ ಕೂತಿದ್ದರು. ಮಡಕೆಯಲ್ಲಿ ಗುಲಾಬಿ ದಳ, ಬಾಯಿಗೆ ತಣ್ಣೀರಿನ ತಾಮ್ರದ ಪಾತ್ರೆ. ಹಬೆ ಮೇಲೆದ್ದು ತಣ್ಣನೆಯ ತಳಕ್ಕೆ ತಾಗಿ ಹನಿಯಾಗಿ ಒಳಗಿನ ಬಟ್ಟಲಿಗೆ ಬೀಳುತ್ತದೆ. ಕಟ್ಟಿಗೆಯ ಹೊಗೆಯ ವಾಸನೆ ಆ ಅರ್ಕಿನಲ್ಲೂ ಇರುತ್ತದೆ. ಒಂದು ಗಂಟೆ ನಾನು ಅಲ್ಲಿಂದ ಕದಲಲಿಲ್ಲ. ಅಷ್ಟು ಹೊತ್ತೂ ಅಬ್ಬಾ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತಿದ್ದರು. ನೋಟ ಸವಿಯುತ್ತಿದ್ದಾರೆಂದು ನಾನು ತಿಳಿದೆ. ಅವರು ಎರಡು ಸಲ ಮಸೀದಿಯ ಶೌಚಾಲಯಕ್ಕೆ ಹೋಗಿ ಮೂತ್ರ ಬಾರದೆ ಮರಳಿದ್ದರು ಎಂಬುದು ಗೊತ್ತಾದದ್ದು ರಾತ್ರಿ.

ರಾತ್ರಿ ಹನ್ನೊಂದಕ್ಕೆ ಅಮ್ಮಿ ಬಾಗಿಲು ಬಡಿದರು. ಅಬ್ಬಾ ಗೋಡೆ ಹಿಡಿದು ನಿಂತಿದ್ದರು. ಆ ಚಳಿಯಲ್ಲೂ ಹಣೆಯಲ್ಲಿ ಬೆವರು. ಹೊಕ್ಕುಳ ಕೆಳಗೆ ಕೈಯಿಟ್ಟರೆ ಗಟ್ಟಿಯಾಗಿ ಉಬ್ಬಿದ ಮೂತ್ರಕೋಶ ಕೈಗೆ ಸಿಗುತ್ತಿತ್ತು. "ಏನಾದರೂ ಕೊಟ್ಟಿರಾ?" ಎಂದು ಕೇಳಿದೆ. ಅಮ್ಮಿ ಮೇಜಿನ ಕಡೆ ತೋರಿಸಿದರು. ದಾರಿಯ ಬಿಸಿಲಿಗೆಂದು ನಾನೇ ಊರಿಂದ ತಂದಿದ್ದ ಶರ್ಬತೆ ಬಝೂರಿ. ಮೂತ್ರ ಬರುತ್ತಿಲ್ಲವಲ್ಲ ಎಂದು ಎರಡು ಲೋಟ ಕುಡಿಸಿದ್ದರು.

ಬೆಟ್ಟದ ಮೇಲೆ ಆಸ್ಪತ್ರೆ ಎಲ್ಲಿದೆ ಎಂದು ನಾವು ಯಾರೂ ಮೊದಲೇ ನೋಡಿಟ್ಟುಕೊಂಡಿರಲಿಲ್ಲ. ಹೋಟೆಲಿನ ಹುಡುಗ ದಾರಿ ತೋರಿಸಿದ. ಕತ್ತಲಿನ ಆ ತಿರುವುಗಳಲ್ಲಿ ಗಾಡಿ ಕುಲುಕಿದಾಗೆಲ್ಲ ಅಬ್ಬಾ ಹಲ್ಲು ಕಚ್ಚುತ್ತಿದ್ದರು, ಮೊಮ್ಮಕ್ಕಳು ಜೊತೆಯಲ್ಲಿ ಇಲ್ಲದಿದ್ದರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದ ಕೂಡಲೇ 900 ಮಿಲಿಲೀಟರ್ ಮೂತ್ರ ಬಂತು. ಸಾಮಾನ್ಯವಾಗಿ 400-500 ಆಗುವಾಗಲೇ ಮನುಷ್ಯನಿಗೆ ತಡೆಯಲಾಗುವುದಿಲ್ಲ. ಎಳೆಯ ವಯಸ್ಸಿನ ವೈದ್ಯ ನನ್ನತ್ತ ತಿರುಗಿ ಮೊದಲು ಕೇಳಿದ ಮಾತು: "ಇವತ್ತು ಇವರು ಹೊಸದಾಗಿ ಯಾವ ಮಾತ್ರೆ ತಗೊಂಡರು?" ನಾನೂ ವೈದ್ಯನೆಂದು ಆ ರಾತ್ರಿ ಅವನಿಗೆ ಹೇಳಲಿಲ್ಲ.

ಆಗಿದ್ದೇನು?

ಪ್ರಯಾಣದ ವಾಂತಿಗೆ ಕೊಡುವ ಪ್ರೊಮೆಥಜೀನ್, ಡೈಮೆನ್‌ಹೈಡ್ರಿನೇಟ್‌ನಂಥ ಮಾತ್ರೆಗಳು ಮೂತ್ರಕೋಶದ ಸ್ನಾಯುವನ್ನು ಸಡಿಲ ಮಾಡುತ್ತವೆ. ಅದು ಒತ್ತಿ ಹೊರಹಾಕುವ ಬಲ ಕಳೆದುಕೊಳ್ಳುತ್ತದೆ. ನೆಗಡಿಗೆ ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲೂ ಇದೇ ತೊಂದರೆ. ಅವುಗಳಲ್ಲಿನ ಕ್ಲೋರ್‌ಫೆನಿರಮಿನ್ ಸ್ನಾಯುವನ್ನು ಮಂಕಾಗಿಸಿದರೆ, ಮೂಗು ಬಿಡಿಸುವ ಫಿನೈಲ್‌ಎಫ್ರಿನ್ ಮೂತ್ರದ ಬಾಯಿಯನ್ನು ಬಿಗಿ ಮಾಡುತ್ತದೆ. ಯುವಕರಿಗೆ ಇದು ಗೊತ್ತಾಗುವುದೇ ಇಲ್ಲ. ಪ್ರಾಸ್ಟೇಟ್ ದಪ್ಪವಾದ ಗಂಡಸರಿಗೆ ದಾರಿ ಮೊದಲೇ ಇಕ್ಕಟ್ಟು. ಅದರ ಜೊತೆಗೆ ಬೆಳಗಿನಿಂದ ತಡೆದುಕೊಂಡದ್ದು, ಬಯಲಿನ ಬಿಸಿಲಿನಿಂದ ಒಮ್ಮೆಲೇ ಬೆಟ್ಟದ ಚಳಿಗೆ ಹೋದದ್ದು. ಚಳಿಯಲ್ಲೂ ಆ ಬಾಯಿ ಬಿಗಿಯುತ್ತದೆ. ಎಲ್ಲವೂ ಒಂದೇ ದಿನ ಕೂಡಿಬಂದವು. ಗ್ಲುಕೋಮಾ ಇರುವ ಕೆಲವರ ಕಣ್ಣಿಗೂ ಈ ಮಾತ್ರೆಗಳು ಅಪಾಯ.

ಅಮ್ಮಿಯ ಶರಬತ್ತಿನ ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇದು ದಿನಾ ನಡೆಯುವ ತಪ್ಪು. ಮೂತ್ರ ಬಾರದಿರುವುದಕ್ಕೆ ಎರಡು ಕಾರಣಗಳಿವೆ. ದೇಹದಲ್ಲಿ ನೀರು ಕಡಿಮೆಯಾಗಿ ಮೂತ್ರವೇ ತಯಾರಾಗದಿರುವುದು ಒಂದು. ಆಗ ಹೊಟ್ಟೆ ಮೆತ್ತಗಿರುತ್ತದೆ, ಒತ್ತಡ ಇರುವುದಿಲ್ಲ, ಬಾಯಿ ಒಣಗಿರುತ್ತದೆ, ಬಂದ ಸ್ವಲ್ಪ ಮೂತ್ರ ಗಾಢ ಹಳದಿ. ಇದಕ್ಕೆ ನೀರು, ಬಾರ್ಲಿ ಗಂಜಿ, ಶರಬತ್ತು ಸರಿ. ಇನ್ನೊಂದು, ಮೂತ್ರ ತುಂಬಿದ್ದರೂ ಹೊರಬರದಿರುವುದು. ಯುನಾನಿಯಲ್ಲಿ ಇದನ್ನು ಇಹ್ತಿಬಾಸೆ ಬೌಲ್ ಎನ್ನುತ್ತೇವೆ. ಆಗ ಕಿಬ್ಬೊಟ್ಟೆ ಉಬ್ಬಿರುತ್ತದೆ, ಹೋಗಬೇಕೆಂಬ ಒತ್ತಡ, ನೋವು ಇರುತ್ತದೆ, ಹನಿಹನಿ ಬರಬಹುದು ಅಥವಾ ಏನೂ ಬಾರದಿರಬಹುದು. ಈ ಸ್ಥಿತಿಯಲ್ಲಿ ಮೂತ್ರ ಹೆಚ್ಚಿಸುವ ಯಾವುದನ್ನೂ ಕುಡಿಸಬೇಡಿ, ಅದು ಎಷ್ಟೇ ಒಳ್ಳೆಯ ಔಷಧಿಯಾಗಿರಲಿ. ಮುಚ್ಚಿದ ಕೊಡಕ್ಕೆ ನೀರು ಸುರಿದಂತಾಗುತ್ತದೆ. ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಳಗಾಗಲಿ ಎಂದು ಕಾಯಬೇಡಿ, ತಡವಾದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ.

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಎಣಿಸುತ್ತದೆ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಆರನೆಯದು ಹೊರಹೋಗಬೇಕಾದದ್ದು ಹೊರಹೋಗಿ ಉಳಿಯಬೇಕಾದದ್ದು ಉಳಿಯುವುದು. ಪ್ರವಾಸ ಯೋಜಿಸುವಾಗ ನಾವು ಮೊದಲ ಐದನ್ನೂ ಎಷ್ಟೊಂದು ಚರ್ಚಿಸುತ್ತೇವೆ! ಯಾವ ಹೋಟೆಲು, ಯಾವ ಊಟ, ಎಷ್ಟು ನಡಿಗೆ, ಎಷ್ಟು ನಿದ್ದೆ. ಆರನೆಯದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ತೆರೆಯುವುದಿಲ್ಲ.

ಅಮ್ಮಿಯ ಉಪವಾಸ

ಅಬ್ಬಾ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಮ್ಮಿಯ ತುಟಿ ಬಿರಿದಿದ್ದನ್ನು ಗಮನಿಸಿದೆ. ಬೆಳಗಿನಿಂದ ಎಷ್ಟು ನೀರು ಕುಡಿದಿರಿ ಎಂದರೆ ಉತ್ತರವಿಲ್ಲ. ಬಿ.ಪಿ. ಮಾತ್ರೆಯನ್ನೂ ತೆಗೆದುಕೊಂಡಿರಲಿಲ್ಲ. "ಆ ಮಾತ್ರೆ ತಗೊಂಡರೆ ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಬೇಕಾಗುತ್ತದೆ. ಎಲ್ಲರಿಗೂ ತೊಂದರೆ ಯಾಕೆ?" ಎಂದರು. ಆಮೇಲೆ ಮೆಲ್ಲಗೆ ಸೇರಿಸಿದರು, ಊರಲ್ಲೂ ಮದುವೆಗೆ ಹೋಗುವಾಗ ಹೀಗೇ ಮಾಡುವುದಂತೆ. ನಲವತ್ತು ವರ್ಷದಿಂದ.

ಇದು ನನ್ನ ಅಮ್ಮಿಯೊಬ್ಬರ ಕತೆಯಲ್ಲ. ನಮ್ಮ ಹೆಂಗಸರಲ್ಲಿ ಪ್ರಯಾಣದ ದಿನ ನೀರು ಬಿಡುವವರೇ ಹೆಚ್ಚು. ಶೌಚಾಲಯ ಹೊಲಸಿರುತ್ತದೆ, ಶುಚಿಗೆ ನೀರಿರುತ್ತದೋ ಇಲ್ಲವೋ, ಬುರ್ಖಾ ನೆಲಕ್ಕೆ ತಾಗಿದರೆ ನಮಾಝ್ ಹೇಗೆ, ವುಝೂ ಮುರಿದರೆ ಮತ್ತೆ ಎಲ್ಲಿ ಮಾಡುವುದು, ಇಷ್ಟೂ ಯೋಚನೆ ಅವರ ತಲೆಯಲ್ಲಿ ನಡೆಯುತ್ತದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕಡಿಮೆಯಾಗುತ್ತದೆ. ಕೊಲ್ಲಿಯ ಒಣ ಬಿಸಿಲಿನಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುವುದರಿಂದ ನೀರು ಕಳೆದುಹೋದದ್ದು ತಿಳಿಯುವುದಿಲ್ಲ. ಪರಿಣಾಮ ತಲೆಸುತ್ತು, ಎದ್ದು ನಿಂತಾಗ ಬೀಳುವುದು, ಮೂತ್ರದ ಉರಿ ಮತ್ತು ಸೋಂಕು, ಮಲಬದ್ಧತೆ. ಕೆಲವರಲ್ಲಿ ಮೊದಲು ಕಾಣುವುದು ಗೊಂದಲದ ಮಾತು. ಮಕ್ಕಳು ಅದನ್ನು "ಅಮ್ಮಿಗೆ ಆಯಾಸ" ಎಂದುಕೊಳ್ಳುತ್ತಾರೆ.

ನಿಜ ಹೇಳಬೇಕೆಂದರೆ ಕೊಲ್ಲಿ ದೇಶಗಳಲ್ಲಿ ಇದಕ್ಕೆ ಕಷ್ಟಪಡಬೇಕಾಗಿಯೇ ಇಲ್ಲ. ಹೆದ್ದಾರಿಯ ಬಹಳಷ್ಟು ಬಂಕ್‌ಗಳ ಪಕ್ಕ ಮಸೀದಿ ಇದೆ, ಶೌಚಾಲಯದಲ್ಲಿ ನೀರಿನ ಪೈಪು ಇದೆ. ಯುರೋಪು, ಅಮೆರಿಕದಲ್ಲಿರುವ ಮಕ್ಕಳ ಬಳಿ ಹೋಗುವವರು ಮಾತ್ರ ಒಂದು ಖಾಲಿ ಬಾಟಲಿ ಅಥವಾ ಚಿಕ್ಕ ಚೆಂಬು ಜೊತೆಗಿಟ್ಟುಕೊಳ್ಳಬೇಕು, ಅಲ್ಲಿ ಕಾಗದವೇ ಗತಿ. ಪ್ರಯಾಣಿಕನಿಗೆ ಧರ್ಮ ಕೊಟ್ಟ ರಿಯಾಯಿತಿಗಳನ್ನು ಹಿರಿಯರಿಗೆ ನೆನಪಿಸಿ. ನಾಲ್ಕು ರಕಅತ್ ಎರಡಾಗುತ್ತದೆ. ಚರ್ಮದ ಕಾಲುಚೀಲದ ಮೇಲೆ ಪ್ರಯಾಣಿಕ ಮೂರು ದಿನ, ಮೂರು ರಾತ್ರಿ ಮಸಹ್ ಮಾಡಬಹುದು. ಮಂಡಿ ನೋವಿನವರಿಗೆ ಎತ್ತರದ ಬೇಸಿನ್‌ಗೆ ಕಾಲೆತ್ತುವ ಕಷ್ಟ, ಜಾರಿ ಬೀಳುವ ಭಯ ಎರಡೂ ಇದರಿಂದ ತಪ್ಪುತ್ತದೆ. ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂದು ಹದೀಸ್‌ನಲ್ಲೇ ಇದೆ. ನಳಿಕೆಯ ಚೀಲ ಹಿಡಿದುಕೊಂಡಿದ್ದ ಅಬ್ಬಾ ಅಂದು ಮುಂಜಾನೆ ಕೇಳಿದ ಮೊದಲ ಪ್ರಶ್ನೆ, "ಫಜರ್ ಹೇಗೆ ಮಾಡಲಿ?" ತಡೆಯಿಲ್ಲದೆ ಮೂತ್ರ ಸೋರುವವರು ಪ್ರತಿ ನಮಾಝ್‌ನ ಹೊತ್ತಿಗೆ ಒಂದು ವುಝೂ ಮಾಡಿದರೆ ಸಾಕೆಂದು ನಮ್ಮ ಹನಫಿ ಫಿಕ್ಹ್‌ನಲ್ಲಿದೆ. ಊರಿನ ಇಮಾಮ್ ಸಾಹೇಬರಿಗೆ ಫೋನ್ ಮಾಡಿಸಿದೆ. ಅವರು ಅದನ್ನೇ ಹೇಳಿದ ಮೇಲೆಯೇ ಅಬ್ಬಾರ ಮುಖ ತಿಳಿಯಾಯಿತು. ಹೊರಡುವ ಮೊದಲೇ ನಿಮ್ಮ ಆಲಿಮರಲ್ಲಿ ಕೇಳಿಟ್ಟುಕೊಳ್ಳಿ.

ಹೇಗೆ ಕೇಳಬೇಕು

"ನಿಮಗೇನಾದರೂ ತೊಂದರೆ ಇದೆಯಾ?" ಎಂದು ಕೇಳಬೇಡಿ. ಅದಕ್ಕೆ ಎಲ್ಲ ತಂದೆ ತಾಯಂದಿರೂ ಒಂದೇ ಉತ್ತರ ಕೊಡುತ್ತಾರೆ. ಬೇರೆ ಥರ ಕೇಳಿ. ರಾತ್ರಿ ಎಷ್ಟು ಸಲ ಏಳುತ್ತೀರಿ? ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ಬಸ್ಸಿನಿಂದ ಎಲ್ಲೆಲ್ಲಿ ಇಳಿಯುತ್ತೀರಿ? ಮಸೀದಿಯ ಮೆಟ್ಟಿಲು ಹತ್ತಿದ ಮೇಲೆ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದಾ? ಕಳೆದ ವರ್ಷ ಎಷ್ಟು ಸಲ ಬಿದ್ದಿರಿ? ಇಂಥ ಪ್ರಶ್ನೆಗೆ ಲೆಕ್ಕದ ಉತ್ತರ ಬರುತ್ತದೆ. ತಂದೆಯನ್ನು ಮಗ ಒಬ್ಬನೇ ಇರುವಾಗ ಕೇಳಲಿ, ತಾಯಿಯನ್ನು ಮಗಳು ಅಥವಾ ಸೊಸೆ ಕೇಳಲಿ. ಉತ್ತರ ಎರಡು ಗಂಟೆ ಎಂದಾದರೆ ಗಾಡಿಯನ್ನು ಒಂದೂವರೆ ಗಂಟೆಗೆ ನಿಲ್ಲಿಸಿ. ಯಾರನ್ನೂ ಕೇಳದೆ ನಿಲ್ಲಿಸಿ, ಮೊದಲು ನೀವೇ ಇಳಿಯಿರಿ. ಇಳಿದು ಓಡಾಡುವುದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆಯಾಗುತ್ತದೆ. ಅದು ವಿಮಾನದಲ್ಲಿ ಮಾತ್ರವಲ್ಲ, ಕಾರಿನಲ್ಲೂ ಆಗುತ್ತದೆ.

ಹಿರಿಯರು "ನಾನೂ ಬರುತ್ತೇನೆ" ಎನ್ನುವುದಕ್ಕೆ ಎರಡು ಕಾರಣಗಳಿರುತ್ತವೆ. ಒಂದು, ನಿಜವಾದ ಆಸೆ. ಇನ್ನೊಂದು, ಮಗ ಕಟ್ಟಿದ ದುಡ್ಡು ವ್ಯರ್ಥವಾಗಬಾರದೆಂಬ ಸಂಕಟ. ಟಿಕೆಟ್ ಕೊಳ್ಳುವ ಮೊದಲೇ ಕೇಳಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ, ಕೊಂಡ ಮೇಲೆ ಗೊತ್ತಾಗುವುದಿಲ್ಲ.

ಮರಳಿನ ದಿಬ್ಬಗಳ ಮೇಲೆ ಗಾಡಿ ಹತ್ತಿಸಿ ಇಳಿಸುವ ಸವಾರಿಯನ್ನು ನಾನು ಅರವತ್ತು ದಾಟಿದವರಿಗೆ, ಅದರಲ್ಲೂ ಹೆಂಗಸರಿಗೆ, ಬೇಡವೇ ಬೇಡ ಎನ್ನುತ್ತೇನೆ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗಿರುತ್ತದೆ. ಒಂದು ಜೋರಾದ ಕುಲುಕಿಗೆ ಬೆನ್ನುಮೂಳೆಯ ಮಣಿ ಕುಸಿಯಬಹುದು, ಆ ನೋವು ವರ್ಷಗಟ್ಟಲೆ ಉಳಿಯಬಹುದು. ಇತ್ತೀಚೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದವರೂ ಹೋಗಬಾರದು. ಆದರೆ ಮರುಭೂಮಿ ನೋಡಲು ಹಾರಲೇಬೇಕೆಂದಿಲ್ಲ. ಗಟ್ಟಿ ದಾರಿಯಲ್ಲಿ ನಿಧಾನವಾಗಿ ಶಿಬಿರಕ್ಕೆ ಹೋಗಿ, ಸೂರ್ಯ ಮುಳುಗುವುದನ್ನು ನೋಡಿ, ಮರಳಿನ ಮೇಲೆ ಮಗ್ರಿಬ್ ನಮಾಝ್ ಮಾಡಿ ಬರಬಹುದು. ರಾತ್ರಿ ಉಳಿಯುವುದಾದರೆ ಶೌಚಾಲಯ ಡೇರೆಯಿಂದ ಎಷ್ಟು ಹೆಜ್ಜೆ ಎಂದು ಹಗಲಲ್ಲೇ ಎಣಿಸಿ, ತಲೆದಿಂಬಿನ ಬಳಿ ಟಾರ್ಚ್ ಇಡಿ.

ವಾದಿ ಶಾಬ್‌ನಂಥ ಕಣಿವೆಗಳಲ್ಲಿ ದೋಣಿ ದಾಟಿ ಮುಕ್ಕಾಲು ಗಂಟೆ ಬಂಡೆಗಳ ಮೇಲೆ ನಡೆಯಬೇಕು, ಆಮೇಲೆ ಈಜು. ಮಂಡಿ ನೋವಿನವರಿಗೆ ಆ ನಡಿಗೆ ಆಗದು. ನಾವು ಆಮೇಲಿನ ವಾರ ಹೋದಾಗ ಅಮ್ಮಿಯನ್ನು ದೋಣಿ ಹತ್ತುವ ಜಾಗದ ಸಮೀಪ ನೆರಳಲ್ಲಿ ಚಾಪೆ ಹಾಸಿ ಕೂರಿಸಿದೆವು. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕೆಂಬುದು ನಿಯಮ. ಫ್ಲಾಸ್ಕಿನ ಚಹಾ, ಖರ್ಜೂರ, ನೀರು. ಹೋದವರು ಮರಳುವ ಸಮಯ ಹೇಳಿ ಹೋದರು. ಇನ್ನೊಂದು ಮಾತು. ಎಲ್ಲೋ ದೂರದ ಬೆಟ್ಟದಲ್ಲಿ ಮಳೆಯಾದರೆ ಒಣಗಿದ ವಾದಿಗೆ ಕ್ಷಣದಲ್ಲಿ ಪ್ರವಾಹ ಬರುತ್ತದೆ. ಯುವಕರು ಓಡಿ ಹತ್ತಿಕೊಳ್ಳಬಹುದು, ಹಿರಿಯರಿಂದ ಆಗದು. ಮೋಡ ಕವಿದ ದಿನ ವಾದಿಗೆ ಇಳಿಯಲೇಬೇಡಿ.

ಎತ್ತರದ ವಿಷಯಕ್ಕೆ ಹೆಚ್ಚು ಹೆದರಬೇಕಿಲ್ಲ. 2,000 ಮೀಟರ್‌ನಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹೃದಯ ದುರ್ಬಲವಾದವರು, ದಮ್ಮು ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳಿ ಹೋಗಲಿ. ಸ್ವೆಟರು, ಕಾಲುಚೀಲ, ಕಿವಿ ಮುಚ್ಚುವ ಟೋಪಿ ಕೈಚೀಲದಲ್ಲೇ ಇರಲಿ, ಡಿಕ್ಕಿಯ ತಳದಲ್ಲಿ ಬೇಡ.

ಔಷಧಿಯ ಚೀಲ

ಇಬ್ನ್ ಸೀನಾ ಸುಮಾರು ಸಾವಿರ ವರ್ಷಗಳ ಹಿಂದೆ ಬರೆದ ಅಲ್ ಕಾನೂನ್ ಗ್ರಂಥದಲ್ಲಿ ಮುದುಕರ ಆರೈಕೆಗೊಂದು, ಪ್ರಯಾಣಿಕರ ಆರೈಕೆಗೊಂದು ಬೇರೆ ಬೇರೆ ಅಧ್ಯಾಯಗಳಿವೆ. ತುಂಬಿದ ಹೊಟ್ಟೆಯಲ್ಲಿ ಪ್ರಯಾಣ ಬೇಡ, ಊರೂರಿನ ನೀರನ್ನು ಸೋಸಿ ಕುದಿಸಿ ಕುಡಿ ಎನ್ನುವುದು ಇಂದಿಗೂ ಸರಿ. ಬೆಟ್ಟದ ತಿರುವಿಗೆ ಮುನ್ನ ಮಾಂಸದ ದೊಡ್ಡ ತಟ್ಟೆ ಮುಗಿಸಿದರೆ ಯಾವ ಮಾತ್ರೆಯೂ ವಾಂತಿ ತಡೆಯುವುದಿಲ್ಲ. ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿ ತುಸು ಇಳಿಸಿ, ಶುಂಠಿಯ ಚೂರೊಂದನ್ನು ಬಾಯಲ್ಲಿಡಲು ಹೇಳಿ. ಹೆಚ್ಚಿನವರಿಗೆ ಅಷ್ಟೇ ಸಾಕು. ಆದರೆ ಸಕ್ಕರೆ ಕಾಯಿಲೆಯವರ ಊಟ ಹಿಂದೆ ಬೀಳಬಾರದು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಊಟ ಎರಡು ಗಂಟೆ ತಡವಾದರೆ ರಕ್ತದ ಸಕ್ಕರೆ ಕುಸಿದು ನಡುಕ, ಬೆವರು, ಮಂಪರು ಬರುತ್ತದೆ. ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೆ ಕೊಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಇನ್ಸುಲಿನ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಕೆಡುತ್ತದೆ. ವಿಮಾನದಲ್ಲೂ ಅದು ಕೈಚೀಲದಲ್ಲೇ ಬರಬೇಕು.

ನಮ್ಮವರು ತಂದುಕೊಳ್ಳುವ ಔಷಧಿಗಳ ಬಗ್ಗೆ ನನ್ನದೇ ವೃತ್ತಿಯ ಮಾತು. ಪೇಪರ್ ಪೊಟ್ಟಣದಲ್ಲಿ ಹೆಸರಿಲ್ಲದ ಚೂರ್ಣ ಕಟ್ಟಿಕೊಂಡು ಯಾವ ದೇಶಕ್ಕೂ ಹೋಗಬೇಡಿ. ಕಂಪೆನಿಯ ಮೊಹರಿರುವ ಡಬ್ಬಿ, ಅದರ ಬಿಲ್, ವೈದ್ಯರ ಚೀಟಿ ಇರಲಿ. ಯುಎಇಯಲ್ಲಿ ಗಸಗಸೆಗೆ ನಿಷೇಧವಿದೆ. ಅಡುಗೆ ಮಸಾಲೆಯಲ್ಲಿ ಇದ್ದರೂ ಅದು ಅಪರಾಧವೇ. ಖಮೀರಾ ಖಶ್‌ಖಾಶ್‌ನಲ್ಲಿರುವುದೂ ಗಸಗಸೆಯೇ, ಬರ್ಷಾಷಾದಲ್ಲಿ ಅಫೀಮೇ ಇದೆ. ಅವು ಚೀಲದಲ್ಲಿ ಬೇಡ. ವೀಳ್ಯದೆಲೆಯನ್ನೂ ಅಲ್ಲಿಗೆ ಒಯ್ಯುವಂತಿಲ್ಲ, ಎಲೆ ಅಡಿಕೆ ಅಭ್ಯಾಸದ ಅಜ್ಜಿಯರಿಗೆ ಮೊದಲೇ ಹೇಳಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಿಗೆ ಕೊಲ್ಲಿಯಲ್ಲಿ ಕಟ್ಟುನಿಟ್ಟಿನ ಕಾನೂನಿದೆ. ಮಾಜೂನ್, ಖಮೀರಾ, ಜವಾರಿಶ್ ಎಲ್ಲವೂ ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ತಯಾರಾಗುವುದರಿಂದ ಸಕ್ಕರೆ ಕಾಯಿಲೆಯವರು ಕೇಳದೆ ತಿನ್ನಬಾರದು.

ವಿಮೆಯ ಅರ್ಜಿಯಲ್ಲಿ ಹಳೆಯ ಕಾಯಿಲೆ ಏನೇನಿದೆ ಎಂಬ ಕಡೆ ನಾವು "ಇಲ್ಲ" ಎಂದು ಬರೆದಿದ್ದೆವು. ಬಿಲ್ಲು ಬಂದಾಗ ತಮ್ಮನೇ ತನ್ನ ಜೇಬಿನಿಂದ ಕಟ್ಟಿದ. ನಿಜ ಬರೆದರೆ ಕಂತು ಸ್ವಲ್ಪ ಹೆಚ್ಚಾಗುತ್ತದೆ, ಬರೆಯಿರಿ. ತುರ್ತು ಸಂಖ್ಯೆ ಒಮಾನ್‌ನಲ್ಲಿ 9999, ಯುಎಇಯಲ್ಲಿ ಆಂಬುಲೆನ್ಸ್‌ಗೆ 998. ಉಳಿಯುವ ಜಾಗಕ್ಕೆ ಹತ್ತಿರದ ಆಸ್ಪತ್ರೆ ಯಾವುದೆಂದು ಹೋಟೆಲ್ ಗೊತ್ತುಮಾಡುವ ದಿನವೇ ನೋಡಿ.

ಅಬ್ಬಾರ ನಳಿಕೆಯನ್ನು ಮೂರನೆಯ ದಿನ ತೆಗೆದರು. ಅಲ್ಲಿನ ವೈದ್ಯರು ಬರೆದ ಮಾತ್ರೆಯನ್ನು ಈಗಲೂ ತೆಗೆದುಕೊಳ್ಳುತ್ತಾರೆ. ಊರಿಗೆ ಬಂದು ಶಸ್ತ್ರಚಿಕಿತ್ಸಕರಿಗೆ ತೋರಿಸಿದ್ದಾಯಿತು. ಎರಡು ವರ್ಷ ಬಿಟ್ಟು ತಮ್ಮ ಮತ್ತೆ ಕರೆಸಿಕೊಂಡ. ಈ ಸಲ ನಾನು ಹೋಗಲಿಲ್ಲ. ಏಪ್ರಿಲ್‌ನಲ್ಲೇ ಆ ಬೆಟ್ಟಕ್ಕೆ ಹೋಗಿದ್ದರು. ರಾತ್ರಿ ಅಬ್ಬಾ ಫೋನ್ ಮಾಡಿದರು. ಗುಲಾಬಿ ನೋಡಿದೆ, ನಿನ್ನ ಆ ಮುದುಕ ಇನ್ನೂ ಒಲೆ ಮುಂದೆ ಕೂತಿದ್ದಾನೆ, ನಿನಗೆ ಒಂದು ಬಾಟಲಿ ತಂದಿದ್ದೇನೆ ಎಂದರು. ಮಂಡಿಯ ಲೆಕ್ಕದವರಲ್ಲವೆ, ಕೊನೆಗೆ ಎಣಿಸಿ ಹೇಳಿದರು: "ಹೋಗುವಾಗ ನಾಲ್ಕು ಕಡೆ ನಿಲ್ಲಿಸಿದ. ನಾಲ್ಕೂ ಕಡೆ ಮೊದಲು ಅವನೇ ಇಳಿದ."